ಮೊಳೆಯೆ, ತಿರುಪೆ, ಬೋಲ್ಟೆ? — ಕಾವಲಟ್ಟಣೆಗೂ ಕೊಟ್ಟಿಗೆಗೂ ತಕ್ಕ ಬಿಗಿತ

ಮುಸುಕಿನ ಜೋಳ ಹಾಲುಗಟ್ಟುವಾಗ, ರಾಗಿ ತೆನೆ ಬಾಗುವಾಗ ನಮ್ಮ ತಾಳವಾಡಿ ಸೀಮೆಯ ಹೊಲಗಳಲ್ಲಿ ಮನುಷ್ಯರು ಅಟ್ಟಣೆ ಹತ್ತುತ್ತಾರೆ. ಸುತ್ತಲೂ ಕಾಡು, ನಡುವೆ ನಮ್ಮ ಬಯಲು. ಆ ಕಾಡು 2013ರಿಂದ ಸತ್ಯಮಂಗಲ ಹುಲಿ ರಕ್ಷಿತಾರಣ್ಯವೆಂಬ ಹೆಸರು ಪಡೆದಿದೆ. ಬೆಳೆ ಹದಕ್ಕೆ ಬಂದದ್ದು ಆನೆಗೂ ಹಂದಿಗೂ ನಮಗಿಂತ ಮೊದಲೇ ತಿಳಿಯುತ್ತದೆ. ಆದಕಾರಣ ಹೊಲದ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು, ಅಡ್ಡಮರ ಬಡಿದು, ಹಲಗೆ ಹಾಸಿ, ಮೇಲೆ ತಗಡೋ ಗರಿಯೋ ಹೊದಿಸಿ ರಾತ್ರಿ ಕಳೆಯುವುದು ಇಲ್ಲಿನ ಬೇಸಾಯದ ಒಂದು ಅಂಗವೇ ಆಗಿದೆ. ಉಳುಮೆ, ಗೊಬ್ಬರ, ಬಿತ್ತನೆಗಳ ವಿಷಯವಾಗಿ ಬರೆಯುವವರು ಬಹಳ ಮಂದಿ. ಆ ಅಟ್ಟಣೆಯ ಮೇಲೆ ಮಲಗಿದವನ ಜೀವ ಯಾವ ಮೊಳೆಗೆ ತಗುಲಿಕೊಂಡಿದೆ ಎಂಬುದನ್ನು ಬರೆದವರು ಕಡಿಮೆ.

ಈ ವಿಷಯದಲ್ಲಿ ನಾವು ತಪ್ಪು ಮಾಡಿ ಬುದ್ಧಿ ಕಲಿತವರು. ಕೆಲವು ವರ್ಷಗಳ ಕೆಳಗೆ ನಮ್ಮ ಹೊಲದಲ್ಲಿ ನಾವೇ ನಿಂತು ಒಂದು ಅಟ್ಟಣೆ ಕಟ್ಟಿದೆವು. ಹಸಿ ನೀಲಗಿರಿಯ ಗಳುಗಳು. ಎರಡು ಕಂಬಗಳ ನಡುವೆ ಸರಿಯಾಗಿ ಕೂರುವಂತೆ ಅಡ್ಡಮರವನ್ನು ಕೊಯ್ದು, ಕಂಬದ ಹೊರಮೈಯಿಂದ ಆರಂಗುಲದ ಮೊಳೆ ಹೊಡೆದು, ಅಡ್ಡಮರದ ಕೊಯ್ದ ತಲೆಯೊಳಕ್ಕೆ ಇಳಿಸಿದೆವು. ಅಂದು ನಾಲ್ಕು ಜನ ಹತ್ತಿ ನಿಂತರೂ ಅಲುಗಲಿಲ್ಲ. ಮರುವರ್ಷ ಜೋಳದ ಕಾವಲಿನ ಒಂದು ರಾತ್ರಿ ನಮ್ಮ ಅಣ್ಣನ ಮಗ ಮಲಗಿದ್ದಲ್ಲಿಂದ ಎದ್ದು ಮೂಲೆಗೆ ಕಾಲಿಟ್ಟ. ಆನೆ ಬಂದಿರಲಿಲ್ಲ, ಗಾಳಿಯೂ ಇರಲಿಲ್ಲ. ಅಟ್ಟಣೆಯ ಒಂದು ಪಕ್ಕ ಕಳಚಿ ಕೆಳಗೆ ಬಂತು. ಹುಡುಗನ ಮುಂಗೈ ಮೂಳೆ ಮುರಿಯಿತು. ತಲೆಗೆ ಪೆಟ್ಟಾಗಿದ್ದರೆ ಆ ಹೊತ್ತಿನಲ್ಲಿ ಚಾಮರಾಜನಗರಕ್ಕೆ ಒಯ್ಯುವುದೋ, ದಿಂಬದ ಘಟ್ಟ ಇಳಿದು ಸತ್ಯಮಂಗಲಕ್ಕೆ ಒಯ್ಯುವುದೋ ಎಂದು ಯೋಚಿಸುತ್ತಾ ನಿಲ್ಲಬೇಕಾಗುತ್ತಿತ್ತು.

ಬೆಳಗ್ಗೆ ನೋಡಿದರೆ ಮೊಳೆ ಒಂದೂ ಮುರಿದಿರಲಿಲ್ಲ, ಒಂದೂ ಬಾಗಿರಲಿಲ್ಲ. ಅಂಗಡಿಯಿಂದ ತಂದ ದಿನದಂತೆ ನೆಟ್ಟಗೆ ಕಂಬದಿಂದ ಚಾಚಿಕೊಂಡು ನಿಂತಿದ್ದವು. ಮರವೂ ಮುರಿದಿರಲಿಲ್ಲ. ಮರ ಮೊಳೆಯನ್ನು ಕೈಬಿಟ್ಟಿತ್ತು, ಅಷ್ಟೆ. ಏಕೆ ಕೈಬಿಟ್ಟಿತು ಎಂಬುದನ್ನು ವಿಚಾರಿಸುತ್ತಾ ಹೋದಾಗ ತಿಳಿದ ಸಂಗತಿಗಳನ್ನು ಇಲ್ಲಿ ಬರೆದಿದ್ದೇವೆ.

ಮರ ಹೊರಲಿ, ಕಬ್ಬಿಣ ಹಿಡಿಯಲಿ

ಎರಡು ಮರಗಳು ಕೂಡಿದ ಸಂದಿನಲ್ಲಿ ಭಾರವು ಎರಡು ಬಗೆಯಲ್ಲಿ ಬರುತ್ತದೆ. ಗೋಡೆಯ ಮೊಳೆಗೆ ಅಂಗಿ ತೂಗುಹಾಕಿದಾಗ ಭಾರ ಮೊಳೆಗೆ ಅಡ್ಡಲಾಗಿ ಬೀಳುತ್ತದೆ. ಇದನ್ನು ಅಡ್ಡಹೊರೆ ಎನ್ನೋಣ. ಅದೇ ಮೊಳೆಯನ್ನು ಇಕ್ಕಳದಿಂದ ಹಿಡಿದು ನೆಟ್ಟಗೆ ಹೊರಕ್ಕೆಳೆದರೆ ಅದು ಎಳೆತ. ಅಡ್ಡಹೊರೆಯಲ್ಲಿ ಮೊಳೆಯು ಬಾಗಬೇಕು, ಇಲ್ಲವೆ ಅದರ ಕೆಳಗಿನ ಮರ ಜಜ್ಜಿಹೋಗಬೇಕು. ಎರಡಕ್ಕೂ ಬಹಳ ಬಲ ಬೇಕು. ಎಳೆತದಲ್ಲಿಯಾದರೋ ಮೊಳೆಯ ಮೈಯನ್ನು ಮರದ ನಾರು ಒತ್ತಿ ಹಿಡಿದಿರುವ ಬಿಗಿಯೊಂದೇ ಆಧಾರ. ಆ ಬಿಗಿ ಮರ ಒಣಗಿದಂತೆ ಸಡಿಲುತ್ತದೆ.

ಆದಕಾರಣ ಮೊದಲ ಸೂತ್ರ ಇದು: ಭಾರವನ್ನು ಮರದ ಮೇಲೆ ಮರವೇ ಹೊರಬೇಕು, ಕಬ್ಬಿಣವು ಮರವನ್ನು ಜಾಗ ಬಿಟ್ಟು ಕದಲದಂತೆ ಹಿಡಿದಿದ್ದರೆ ಸಾಕು. ನಮ್ಮ ಹಿಂದಿನ ಆಚಾರಿಗಳು ಇದನ್ನು ಬಲ್ಲವರಾಗಿದ್ದರು. ಒಂದು ಮರದಲ್ಲಿ ಗೂಡು ಕೊರೆದು, ಇನ್ನೊಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ, ಅದರೊಳಗೆ ಕೂರಿಸಿ, ಅಡ್ಡಲಾಗಿ ಒಂದು ಮರದ ಬೆಣೆ ಹೊಡೆದರೆ ಮುಗಿಯಿತು. ತೊಲೆಯ ಭಾರ ಕಂಬದ ಮೇಲೆ ಕುಳಿತಿರುತ್ತಿತ್ತು, ಬೆಣೆಯ ಮೇಲೆ ಬೀಳುತ್ತಿರಲಿಲ್ಲ. ನಮ್ಮ ಹಳೆಯ ಮನೆಗಳ ಕಂಬ ತೊಲೆಗಳನ್ನು ಬಿಚ್ಚಿ ನೋಡಿದವರಿಗೆ ಇದು ಕಣ್ಣಿಗೆ ಕಾಣುತ್ತದೆ.

ಎರಡನೆಯ ಸೂತ್ರ: ಎಳೆತ ತಪ್ಪದಿದ್ದ ಕಡೆ ಅದನ್ನು ಅಡ್ಡಹೊರೆಯಾಗಿ ತಿರುಗಿಸಬೇಕು. ಅದು ಹೇಗೆಂಬುದನ್ನು ಕೊಟ್ಟಿಗೆಯ ಮಾಡಿನ ವಿಷಯ ಬಂದಾಗ ಹೇಳುತ್ತೇವೆ.

ಮೊದಲು ಮರವನ್ನು ನೋಡಿ

ಮರವೆಂದರೆ ಉದ್ದಕ್ಕೆ ನಿಂತ ಕೊಳವೆಗಳ ಕಟ್ಟು. ಪಕ್ಕದಿಂದ ಮೊಳೆ ಹೊಡೆದರೆ ಆ ಎಳೆಗಳು ಬದಿಗೆ ಸರಿದು ಮೊಳೆಯನ್ನು ಎರಡು ಕಡೆಯಿಂದ ಒತ್ತಿ ಹಿಡಿಯುತ್ತವೆ. ಕೊಯ್ದ ತಲೆಯಿಂದ ಹೊಡೆದರೆ ಮೊಳೆಯು ಎಳೆಗಳ ನಡುವೆ ಉದ್ದಕ್ಕೆ ತೂರಿಹೋಗುತ್ತದೆ. ಅಲ್ಲಿ ಹಿಡಿಯುವುದಕ್ಕೆ ಏನೂ ಇಲ್ಲ. ಪೊರಕೆಯ ಕಟ್ಟಿನೊಳಗೆ ಕಡ್ಡಿ ಚುಚ್ಚಿದಂತೆ. ತಲೆಗೆ ಹೊಡೆದ ಮೊಳೆಯು ಅಡ್ಡಹೊರೆಯನ್ನೂ ಪಕ್ಕಕ್ಕೆ ಹೊಡೆದ ಮೊಳೆಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಹೊರುತ್ತದೆ. ಎಳೆತಕ್ಕಂತೂ ಅದನ್ನು ನಂಬಲೇಬಾರದು. ನಮ್ಮ ಅಟ್ಟಣೆಯ ಮೊದಲ ತಪ್ಪು ಇದು.

ಎರಡನೆಯ ತಪ್ಪು ಹಸಿಮರ. ಹಸಿಮರ ಒಣಗುವಾಗ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದರೆ ದಪ್ಪದಲ್ಲಿ ಕುಗ್ಗುತ್ತದೆ. ಅದರಲ್ಲಿಯೂ ವರ್ಷಬಳೆಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಗಳು ಸೀಳುವುದು ಇದರಿಂದಲೇ. ಹಸಿಮರಕ್ಕೆ ಹೊಡೆದ ನುಣುಪು ಮೊಳೆಯು ಮರ ಒಣಗಿದ ಮೇಲೆ ತನ್ನ ಎಳೆತದ ಹಿಡಿತದಲ್ಲಿ ಮುಕ್ಕಾಲು ಪಾಲಿನಷ್ಟನ್ನೂ ಕಳೆದುಕೊಳ್ಳಬಹುದು. ನಮ್ಮ ಸೀಮೆಗೆ ಮುಂಗಾರೂ ಹಿಂಗಾರೂ ಎರಡೂ ಉಂಟು, ನಡುವೆ ಕಟುವಾದ ಬೇಸಿಗೆಯೂ ಉಂಟು. ವರ್ಷಕ್ಕೆ ಎರಡು ಸಲ ನೆನೆದು ಉಬ್ಬಿ, ಒಣಗಿ ಕುಗ್ಗುವ ಮರವು ಮೊಳೆಯನ್ನು ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ದಬ್ಬುತ್ತದೆ. ಹಳೆಯ ಬಾಗಿಲಿನ ಮೊಳೆಯ ತಲೆ ಎದ್ದು ಅಂಗಿ ಹರಿಯುವುದನ್ನು ಯಾರು ನೋಡಿಲ್ಲ?

ನಮಗೆ ಸಿಕ್ಕುವ ಮರಗಳ ಸ್ವಭಾವವೂ ಬೇರೆ ಬೇರೆ. ಕಾಡಿನ ಮರಕ್ಕೆ ಕೈಹಾಕುವಂತಿಲ್ಲ, ಹೊಲದ ಬದುವಿನ ಮರವನ್ನೇ ನೆಚ್ಚಬೇಕು. ಸಿಲ್ವರ್ ಓಕ್ ಹಗುರ. ಮೊಳೆ ಸಲೀಸಾಗಿ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಬಿಡುತ್ತದೆ. ಅದಕ್ಕೆ ಉದ್ದವಾದ ತಿರುಪು ಅಥವಾ ಅಗಲ ಬಿಲ್ಲೆಯ ಬೋಲ್ಟು ಬೇಕು. ನೀಲಗಿರಿ ಗಟ್ಟಿ, ಆದರೆ ಸೀಳುವುದರಲ್ಲಿ ಅದಕ್ಕೆ ಸಮನಿಲ್ಲ. ಬೈರಿಗೆಯಿಂದ ತೂತು ಹಾಕದೆ ಅದರ ತುದಿಗೆ ಮೊಳೆ ಇಡಬಾರದು. ಜಾಲಿ, ಬೇವುಗಳು ಗಟ್ಟಿಯಾಗಿ ಹಿಡಿಯುತ್ತವೆ, ತೂತು ಹಾಕದಿದ್ದರೆ ಮೊಳೆಯೇ ಬಾಗುತ್ತದೆ. ತೆಂಗಿನ ದಿಮ್ಮಿಯ ಹೊರಸುತ್ತು ಕಬ್ಬಿಣದಂತೆ, ನಡುವಿನ ಭಾಗ ಮೆತ್ತಗೆ. ತಿರುಪು ನಡುವಿಗೆ ಇಳಿದರೆ ಹಿಡಿಯದು, ಹೊರಸುತ್ತಿನ ದಪ್ಪವನ್ನೇ ನೆಚ್ಚಬೇಕು. ಬಿದಿರಿಗೆ ಮೊಳೆಯೇ ಸಲ್ಲದು. ಗಿಣ್ಣಿನ ಹತ್ತಿರ ತೂತು ಕೊರೆದು ಬೋಲ್ಟು ತೂರಿಸಬೇಕು, ಇಲ್ಲವೆ ಹಗ್ಗದಿಂದ ಬಿಗಿಯಬೇಕು.

ಮೊಳೆ

ಸತ್ಯಮಂಗಲದ ಅಂಗಡಿಯಲ್ಲಿ ಆಣಿ ಎಂದರೂ ಚಾಮರಾಜನಗರದ ಅಂಗಡಿಯಲ್ಲಿ ಮೊಳೆ ಎಂದರೂ ಸಿಕ್ಕುವ ವಸ್ತು ಒಂದೇ: ಮೆತುವಾದ ಉಕ್ಕಿನ ತಂತಿಯ ತುಂಡು. ಇದಕ್ಕೊಂದು ದೊಡ್ಡ ಗುಣವುಂಟು. ಭಾರ ಮೀರಿದಾಗ ಮೊಳೆ ಬಾಗುತ್ತದೆ, ಸಂದು ಕಿರುಗುಟ್ಟುತ್ತದೆ, ಮನುಷ್ಯನಿಗೆ ಎಚ್ಚರಿಕೆ ಕೊಡುತ್ತದೆ. ಡೆನ್ಮಾರ್ಕಿನ ಯೊಹಾನ್ಸೆನ್ ಎಂಬ ಎಂಜಿನಿಯರರು 1949ರಲ್ಲಿ ಮರದ ಸಂದಿನ ಬಲವನ್ನು ಲೆಕ್ಕ ಹಾಕುವ ದಾರಿಯನ್ನು ತೋರಿಸಿದರು. ಮರ ಜಜ್ಜುವುದು ಮೊದಲೋ, ಕಬ್ಬಿಣ ಬಾಗುವುದು ಮೊದಲೋ ಎಂಬುದೇ ಆ ಲೆಕ್ಕದ ತಿರುಳು. ಇಂದಿನ ಯೂರೋಪು ಅಮೆರಿಕಗಳ ನಿಯಮಗಳು ಅದರ ಮೇಲೆಯೇ ನಿಂತಿವೆ. ಬಾಗುವ ಕಬ್ಬಿಣವೇ ಒಳ್ಳೆಯ ಕಬ್ಬಿಣ ಎಂಬುದನ್ನು ಇದರಿಂದ ತಿಳಿಯಬಹುದು.

ಮೊಳೆಯ ಉದ್ದಕ್ಕೆ ಒಂದು ಸುಲಭವಾದ ಅಳತೆ: ಮೇಲಿನ ಹಲಗೆಯ ದಪ್ಪದ ಮೂರು ಪಟ್ಟು. ಒಂದಂಗುಲ ಹಲಗೆಗೆ ಮೂರಂಗುಲದ ಮೊಳೆ, ಅದರಲ್ಲಿ ಎರಡಂಗುಲ ಕೆಳಗಿನ ಮರದೊಳಗಿರಬೇಕು. ಎರಡು ಮೊಳೆಗಳನ್ನು ಒಂದೇ ಎಳೆಯ ಗೆರೆಯಲ್ಲಿ ಹೊಡೆಯಬಾರದು, ಮರ ಸೀಳುತ್ತದೆ. ಒಂದು ಆಚೆ, ಒಂದು ಈಚೆ ಇರಲಿ. ನೆಟ್ಟಗೆ ಹೊಡೆಯುವುದಕ್ಕಿಂತ ಎರಡು ಮೊಳೆಗಳನ್ನು ಒಂದಕ್ಕೊಂದು ವಾಲಿಸಿ ಹೊಡೆದರೆ ಎಳೆತಕ್ಕೆ ಮೇಲು. ಗೇಟು, ಬಾಗಿಲುಗಳಲ್ಲಿ ಮೊಳೆಯ ತುದಿ ಆಚೆ ಬರುವಂತೆ ಹೊಡೆದು ಮಡಿಸುವ ವಾಡಿಕೆ ಒಳ್ಳೆಯದು. ಮಡಿಸುವಾಗ ಮರದ ಎಳೆಗೆ ಅಡ್ಡಲಾಗಿ ಮಡಿಸಿದರೆ, ಎಳೆಯ ಗುಂಟ ಮಡಿಸುವುದಕ್ಕಿಂತ ಸುಮಾರು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಹಿಡಿಯುತ್ತದೆ. ಗಟ್ಟಿ ಮರಕ್ಕೆ ಮೊಳೆಯ ದಪ್ಪದ ಮುಕ್ಕಾಲು ಪಾಲಿನ ತೂತು ಮೊದಲೇ ಹಾಕಿಕೊಳ್ಳಬೇಕು. ತೂತು ಹಾಕಿದರೆ ಹಿಡಿತ ಕಡಿಮೆಯಾಗುತ್ತದೆಂಬ ಭಯ ಬೇಡ. ಸೀಳಿದ ಮರಕ್ಕೆ ಹಿಡಿತವೇ ಇಲ್ಲ.

ಅಂಗಡಿಯಲ್ಲಿ ಮೋಸಹೋಗಬಾರದಾದ ಒಂದು ಸಂಗತಿಯನ್ನು ಇಲ್ಲಿಯೇ ಹೇಳುತ್ತೇವೆ. ಮೊಳೆಯ ಗೇಜು ಹೆಚ್ಚಾದಂತೆ ಮೊಳೆ ಸಣ್ಣಗಾಗುತ್ತದೆ: 6 ಗೇಜು ಸುಮಾರು 4.9 ಮಿಲಿಮೀಟರು, 8 ಗೇಜು ಸುಮಾರು 4.1, 10 ಗೇಜು ಸುಮಾರು 3.2. ತಿರುಪುಮೊಳೆಯ ನಂಬರು ಇದಕ್ಕೆ ತಿರುಗಾಮುರುಗಾ, ನಂಬರು ಹೆಚ್ಚಾದಂತೆ ದಪ್ಪ: 8 ನಂಬರು ಸುಮಾರು 4.2 ಮಿಲಿಮೀಟರು, 10 ನಂಬರು 4.8, 12 ನಂಬರು 5.5, 14 ನಂಬರು 6.1. “ಹತ್ತರದ್ದು ಕೊಡಿ” ಎಂದರೆ ಯಾವ ಹತ್ತು ಎಂಬುದನ್ನು ಬಾಯಿ ಬಿಟ್ಟು ಹೇಳತಕ್ಕದ್ದು.

ತಿರುಪುಮೊಳೆ

ಅಂಗಡಿಯವರು ಸ್ಕ್ರೂ ಎನ್ನುವ ತಿರುಪುಮೊಳೆಯ ಶಕ್ತಿ ಅದರ ಸುತ್ತುಗೆರೆಯಲ್ಲಿದೆ. ಮೊಳೆಯು ಮರದ ಒತ್ತಡವನ್ನು ನೆಚ್ಚಿದರೆ, ತಿರುಪು ಮರದೊಳಗೆ ತನ್ನ ಮೆಟ್ಟಿಲನ್ನು ತಾನೇ ಕೊರೆದು ಅದರಲ್ಲಿ ಕುಳಿತುಕೊಳ್ಳುತ್ತದೆ. ಆದಕಾರಣ ಎಳೆತವಿರುವ ಕಡೆ ಮೊಳೆಗಿಂತ ತಿರುಪು ಎಷ್ಟೋ ಮೇಲು. ಹಿಂದಿನ ತಿರುಪುಗಳಿಗೆ ಮೊನೆ ಇರಲಿಲ್ಲ, ಮೊಂಡು ತುದಿ. ತೂತು ಕೊರೆಯದೆ ಅವು ಇಳಿಯುತ್ತಲೇ ಇರಲಿಲ್ಲ. ಮೊನೆಯುಳ್ಳ ತಿರುಪಿಗೆ ಅಮೆರಿಕದ ಥಾಮಸ್ ಸ್ಲೋನ್ 1846ರಲ್ಲಿ ಹಕ್ಕುಪತ್ರ ಪಡೆದರು. 1854ರಲ್ಲಿ ಬರ್ಮಿಂಗ್‌ಹ್ಯಾಮಿನ ನೆಟ್ಲ್‌ಫೋಲ್ಡ್ ಮತ್ತು ಚೇಂಬರ್ಲೇನ್ ಮನೆತನದವರು ಆ ಹಕ್ಕನ್ನು ಕೊಂಡು ಕಾರ್ಖಾನೆ ಹಾಕಿದರು. ಮೊನೆ ಬಂದದ್ದರಿಂದ ಅನುಕೂಲವಾಯಿತು, ಒಂದು ಕೆಟ್ಟ ಚಾಳಿಯೂ ಹುಟ್ಟಿತು: ತಿರುಪನ್ನು ಸುತ್ತಿಗೆಯಿಂದ ಮುಕ್ಕಾಲು ಭಾಗ ಬಡಿದು, ಕೊನೆಗೆ ಎರಡು ಸುತ್ತು ತಿರುಗಿಸುವುದು. ಹೀಗೆ ಮಾಡಿದರೆ ಸುತ್ತುಗೆರೆಯು ಎಳೆಗಳನ್ನು ಹರಿದುಕೊಂಡು ಇಳಿಯುತ್ತದೆ. ಮೆಟ್ಟಿಲೇ ಇಲ್ಲದ ಮೇಲೆ ಅದು ಬೆಲೆ ಹೆಚ್ಚಿನ ಮೊಳೆಯಷ್ಟೆ.

ತಿರುಪಿಗೆ ಎರಡು ತೂತು ಬೇಕು. ಮೇಲಿನ ಹಲಗೆಯಲ್ಲಿ ತಿರುಪಿನ ನುಣುಪಾದ ಕುತ್ತಿಗೆಯಷ್ಟು ದಪ್ಪದ ತೂತು. ಆಗ ಹಲಗೆ ಸುಲಭವಾಗಿ ಕೆಳಕ್ಕೆ ಎಳೆದುಕೊಂಡು ಕೂಡುತ್ತದೆ. ಕೆಳಗಿನ ಮರದಲ್ಲಿ ಸುತ್ತುಗೆರೆಯ ನಡುವಿನ ದಿಂಡಿಗಿಂತ ಕಿರಿದಾದ ತೂತು. ಗಟ್ಟಿಮರಕ್ಕೆ ಆ ದಿಂಡಿನ ನೂರಕ್ಕೆ 90ರಷ್ಟು, ಮೆತುಮರಕ್ಕೆ 70ರಷ್ಟು. ಜಾಲಿಯಂಥ ಮರವಾದರೆ ತಿರುಪಿಗೆ ಸ್ವಲ್ಪ ಸೋಪು ಸವರಿ. ಭಾರ ಹೊರಬೇಕಾದ ತಿರುಪು ಕೆಳಗಿನ ಮರದೊಳಗೆ ತನ್ನ ದಪ್ಪದ ಏಳು ಪಟ್ಟಾದರೂ ಇಳಿದಿರಬೇಕು. 12 ನಂಬರಿಗೆ ಇದು ಸುಮಾರು 38 ಮಿಲಿಮೀಟರು. 25 ಮಿಲಿಮೀಟರಿನ ಹಲಗೆಯಾದರೆ 65 ಮಿಲಿಮೀಟರಿನ ತಿರುಪು ಎಂದಾಯಿತು.

ಈಗ ಅಂಗಡಿಗಳಲ್ಲಿ ಕಪ್ಪಾದ, ಚೂಪಾದ, ಅಗ್ಗದ ತಿರುಪುಗಳು ಪೊಟ್ಟಣಗಟ್ಟಲೆ ಸಿಕ್ಕುತ್ತವೆ. ಅವನ್ನು ಜಿಪ್ಸಮ್ ಸ್ಕ್ರೂ ಎನ್ನುತ್ತಾರೆ. ಪಟ್ಟಣದ ಕಟ್ಟಡಗಳಲ್ಲಿ ಜಿಪ್ಸಮ್ ಹಲಗೆಯನ್ನು ಹಿಡಿಸುವುದಕ್ಕೆ ಅವು ಹುಟ್ಟಿದವು. ಬ್ಯಾಟರಿ ಡ್ರಿಲ್ಲಿನಿಂದ ಕ್ಷಣದಲ್ಲಿ ಇಳಿಯುವುದರಿಂದ ಎಲ್ಲಕ್ಕೂ ಅವನ್ನೇ ಹಾಕುವ ರೂಢಿ ಬಂದಿದೆ. ಆದರೆ ಅವುಗಳ ಉಕ್ಕು ಗಡುಸು. ಅಡ್ಡಹೊರೆ ಬಿದ್ದರೆ ಬಾಗುವುದಿಲ್ಲ, ಬಳಪದಂತೆ ಪಟ್ಟನೆ ಮುರಿಯುತ್ತವೆ. ಮೊಳೆಯು ಕೊಡುವ ಎಚ್ಚರಿಕೆಯನ್ನು ಅವು ಕೊಡುವುದಿಲ್ಲ. ಮೇಲಾಗಿ ಮಳೆಗೆ ಬೇಗ ತುಕ್ಕು ಹಿಡಿಯುತ್ತವೆ. ಮನುಷ್ಯ ಹತ್ತುವ ಜಾಗದಲ್ಲಿ, ದನ ಒರಗುವ ಜಾಗದಲ್ಲಿ ಈ ಕಪ್ಪು ತಿರುಪನ್ನು ಹಾಕಲೇಬಾರದು. ಭಾರ ಹೊರುವುದಕ್ಕೆಂದೇ ಮಾಡಿದ ಸ್ಟ್ರಕ್ಚರಲ್ ಸ್ಕ್ರೂ ಎಂಬುವು ಬೇರೆ ಇವೆ. ಇವು ದಪ್ಪ, ಉದ್ದ, ಅಗಲ ತಲೆಯವು. ಸಿಕ್ಕಿದರೆ ಒಳ್ಳೆಯವೇ, ಆದರೆ ದುಬಾರಿ. ನಮ್ಮ ಕೆಲಸಕ್ಕೆ ಅವುಗಳ ಬದಲು ಸ್ಪಾನರಿನಿಂದ ತಿರುಗಿಸುವ ಆರು ಮೂಲೆಯ ತಲೆಯ ದಪ್ಪ ಮರದ ತಿರುಪು ಸಾಕು. ಅದೂ ಸಿಕ್ಕದಿದ್ದರೆ ಬೋಲ್ಟು.

ಬೋಲ್ಟು

ಬೋಲ್ಟು ಮರದ ಹಿಡಿತವನ್ನು ಬೇಡುವುದಿಲ್ಲ. ಆಚೆಯಿಂದ ತಲೆ, ಈಚೆಯಿಂದ ನಟ್ಟು, ನಡುವೆ ಮರ. ಮರ ಒಣಗಿ ಕುಗ್ಗಿದರೂ ಬೋಲ್ಟು ಕಳಚಿಹೋಗುವುದಿಲ್ಲ, ಸಡಿಲವಾಗುತ್ತದೆ ಅಷ್ಟೆ, ಮತ್ತೆ ಬಿಗಿಯಬಹುದು. ಹಸಿಗಳುಗಳಿಂದ ಕಟ್ಟಲೇಬೇಕಾದ ನಮ್ಮಂಥವರಿಗೆ ಇದಕ್ಕಿಂತ ತಕ್ಕ ಬಿಗಿತ ಇನ್ನೊಂದಿಲ್ಲ.

ಆದರೆ ಬೋಲ್ಟನ್ನೂ ತಪ್ಪಾಗಿ ಹಾಕಬಹುದು. ಬಿಲ್ಲೆ ಇಲ್ಲದ ಬೋಲ್ಟಿನ ತಲೆ ಮರದೊಳಕ್ಕೆ ಹೂತುಹೋಗುತ್ತದೆ. ಎರಡು ಪಕ್ಕಕ್ಕೂ ಬೋಲ್ಟಿನ ದಪ್ಪದ ಮೂರು ಪಟ್ಟು ಅಗಲದ ಬಿಲ್ಲೆ ಬೇಕು, ಸಿಲ್ವರ್ ಓಕಿನಂಥ ಮೆತುಮರಕ್ಕೆ ಇನ್ನೂ ಅಗಲದ್ದು. ತೂತು ಬೋಲ್ಟಿಗಿಂತ ಒಂದು ಮಿಲಿಮೀಟರು ದೊಡ್ಡದಿದ್ದರೆ ಸಾಕು. ಸಡಿಲ ತೂತಿನಲ್ಲಿ ಬೋಲ್ಟುಗಳು ಒಟ್ಟಿಗೆ ಭಾರ ಹೊರುವುದಿಲ್ಲ, ಒಂದಾದ ಮೇಲೊಂದು ಸೋಲುತ್ತವೆ. ಮರದ ತುದಿಗೆ ತೀರ ಹತ್ತಿರ ಬೋಲ್ಟು ಹಾಕಿದರೆ ಎಳೆಗಳು ಹರಿದು ತುದಿಯ ತುಂಡೇ ಕಿತ್ತುಬರುತ್ತದೆ. ತುದಿಯಿಂದ ಬೋಲ್ಟಿನ ದಪ್ಪದ ಏಳು ಪಟ್ಟು, ಒಂದು ಬೋಲ್ಟಿನಿಂದ ಇನ್ನೊಂದಕ್ಕೆ ನಾಲ್ಕು ಪಟ್ಟು, ಭಾರ ಒತ್ತುವ ಅಂಚಿನಿಂದ ನಾಲ್ಕು ಪಟ್ಟು ದೂರವಿರಲಿ. 12 ಮಿಲಿಮೀಟರಿನ ಬೋಲ್ಟಿಗೆ ಲೆಕ್ಕ ಹಾಕಿದರೆ ತುದಿಯಿಂದ 85, ನಡುವೆ 50, ಅಂಚಿನಿಂದ 50 ಮಿಲಿಮೀಟರು. ನಾಲ್ಕು ಬೆರಳು, ಎರಡೂವರೆ ಬೆರಳು ಎಂದು ನೆನಪಿಟ್ಟರೆ ಅಳತೆಗೋಲೂ ಬೇಡ. ಹೆಚ್ಚಿನ ವಿವರ ಬೇಕಾದವರು ಭಾರತೀಯ ಮಾನಕ ಬ್ಯೂರೋ ಹೊರಡಿಸಿರುವ ಐ.ಎಸ್. 2366ನ್ನು ಮೊಳೆಯ ಸಂದುಗಳಿಗೂ, ಐ.ಎಸ್. 11096ನ್ನು ಬೋಲ್ಟಿನ ಸಂದುಗಳಿಗೂ ನೋಡಬಹುದು.

ತುಕ್ಕು, ಒಗರು, ಗಂಜಲ

ಒಗರು ಹೆಚ್ಚಾಗಿರುವ ಮರಕ್ಕೆ ಬರಿಯ ಕಬ್ಬಿಣ ಹೊಡೆದು ಮಳೆಗೆ ಬಿಟ್ಟರೆ ಮೊಳೆಯ ಸುತ್ತ ನೀಲಿಗಪ್ಪು ಕಲೆ ಏಳುತ್ತದೆ. ಇದು ಹೊಸ ಸಂಗತಿಯಲ್ಲ. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿ ನಮ್ಮ ಹಿರಿಯರು ಶಾಯಿ ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಜಾಲಿಯ, ಮತ್ತಿಯ ಮರದೊಳಗೆ ಆಗುವುದೂ ಶಾಯಿಯೇ, ಆದರೆ ಬರೆಯುವುದು ಮೊಳೆಯ ಆಯುಸ್ಸನ್ನು. ಮೊಳೆ ತೆಳುವಾಗುತ್ತದೆ, ಸುತ್ತಲಿನ ಮರವೂ ಮೆತ್ತಗಾಗುತ್ತದೆ.

ಹೊರಗೆ ನಿಲ್ಲುವ ಕೆಲಸಕ್ಕೆ ಸತು ಹೊದಿಸಿದ ಬೋಲ್ಟು ಮೊಳೆಗಳನ್ನು ಕೊಳ್ಳಬೇಕು. ಇದರಲ್ಲಿಯೂ ಎರಡು ಬಗೆ. ಹೊಳಪಾಗಿ, ನುಣುಪಾಗಿ ಕಾಣುವುದು ವಿದ್ಯುತ್ತಿನಿಂದ ಲೇಪಿಸಿದ್ದು. ಅದರ ಸತು ಸಾಮಾನ್ಯವಾಗಿ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ತೆಳು. ಮಬ್ಬಾಗಿ, ತುಸು ಒರಟಾಗಿ ಕಾಣುವುದು ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು. ಅದರ ಹೊದಿಕೆ ಹಲವು ಪಟ್ಟು ದಪ್ಪ. ಕಣ್ಣಿಗೆ ಚೆಂದ ಕಾಣುವುದನ್ನು ಬಿಟ್ಟು ಮಬ್ಬಾದುದನ್ನು ತನ್ನಿ.

ಕೊಟ್ಟಿಗೆಯಲ್ಲಿ ಹಿತ್ತಾಳೆಯ ತಿರುಪು ತುಕ್ಕು ಹಿಡಿಯುವುದಿಲ್ಲವೆಂದು ಕೆಲವರು ಅದನ್ನು ಹಾಕುತ್ತಾರೆ. ಇದು ತಪ್ಪು. ಗಂಜಲದಿಂದ ಏಳುವ ಅಮೋನಿಯಾ ಬಿಗಿಯಲ್ಲಿರುವ ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಡಿಯಾದಲ್ಲಿದ್ದ ಬ್ರಿಟಿಷ್ ಸೇನೆಯವರು ತಮ್ಮ ಹಿತ್ತಾಳೆ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದರು. ಹಾರಿಸದೆಯೇ ತೋಟಾಗಳು ತಾವಾಗಿ ಸೀಳತೊಡಗಿದವು. ಕಾರಣ ಲಾಯದ ಅಮೋನಿಯಾ ಎಂಬುದು 1921ರಲ್ಲಿ ಸ್ಪಷ್ಟವಾಯಿತು. ಕುದುರೆ ಲಾಯದಲ್ಲಿ ತಾಳದ ಹಿತ್ತಾಳೆ ದನದ ಕೊಟ್ಟಿಗೆಯಲ್ಲಿ ತಾಳೀತೆ? ಕೊಟ್ಟಿಗೆಗೆ ಸತುವಿನಲ್ಲಿ ಅದ್ದಿದ ಬೋಲ್ಟು, ಗಂಜಲ ಸಿಡಿಯುವ ಕೆಳಭಾಗಕ್ಕೆ ಅನುಕೂಲವಿದ್ದರೆ ಸ್ಟೇನ್‌ಲೆಸ್ ಉಕ್ಕು.

ಅಟ್ಟಣೆಯನ್ನು ಹೀಗೆ ಕಟ್ಟಬಹುದು

ಎರಡು ಜನ, ಹಾಸಿಗೆ, ಹಲಗೆ, ತಗಡು ಎಲ್ಲ ಸೇರಿ ಸುಮಾರು 300 ಕಿಲೋ ಎಂದಿಟ್ಟುಕೊಳ್ಳಿ. ನಾಲ್ಕು ಕಂಬಕ್ಕೆ ಹಂಚಿದರೆ ತಲಾ 75. ಆದರೆ ಸದ್ದು ಕೇಳಿದಾಗ ಇಬ್ಬರೂ ಒಂದೇ ಪಕ್ಕಕ್ಕೆ ಧಾವಿಸುತ್ತಾರೆ. ಒಂದೊಂದು ಸಂದೂ ಅರ್ಧ ಭಾರವನ್ನಾದರೂ ತಾನೊಬ್ಬನೇ ಹೊರಬಲ್ಲಂತೆ ಇರಬೇಕು.

ಅಡ್ಡಮರವನ್ನು ಕಂಬಗಳ ನಡುವೆ ತುರುಕಬೇಡಿ, ಕಂಬದ ಪಕ್ಕಕ್ಕೆ ಒತ್ತಿ ದಾಟುವಂತೆ ಇಡಿ. ಕಂಬದಲ್ಲಿ ಅದರ ದಪ್ಪದ ಕಾಲು ಪಾಲಿಗೆ ಮೀರದಂತೆ ಮೆಟ್ಟು ಕೆತ್ತಿ, ಅಡ್ಡಮರವನ್ನು ಆ ಮೆಟ್ಟಿನ ಮೇಲೆ ಕೂರಿಸಿ. ಈಗ ಭಾರ ಮರದ ಮೇಲೆ ಬಂತು. ಆಮೇಲೆ ಎರಡನ್ನೂ ತೂರಿಹೋಗುವಂತೆ 12 ಮಿಲಿಮೀಟರಿನ ಒಂದು ಬೋಲ್ಟು, ಎರಡು ಪಕ್ಕ ಬಿಲ್ಲೆ. ಅಡ್ಡಮರದ ತುದಿ ಕಂಬವನ್ನು ದಾಟಿ ನಾಲ್ಕು ಬೆರಳಿಗಿಂತ ಹೆಚ್ಚು ಚಾಚಿರಲಿ. ಮೆಟ್ಟು ಕೆತ್ತಲು ಕಂಬ ಸಣ್ಣದಾದರೆ, ಅಡ್ಡಮರದ ಕೆಳಗೆ ಕಂಬಕ್ಕೆ ಒಂದು ಗಟ್ಟಿಮರದ ತುಂಡನ್ನು ಎರಡು ಬೋಲ್ಟಿನಿಂದ ಬಿಗಿದು ಅದರ ಮೇಲೆ ಕೂರಿಸಿ.

ಕಂಬಗಳ ನಡುವೆ ಓರೆಮರ ಬೇಕೇ ಬೇಕು. ನಾಲ್ಕು ಮೂಲೆಯ ಚೌಕಟ್ಟು ಎಷ್ಟು ಬಿಗಿದರೂ ವಾಲುತ್ತದೆ, ಮೂರು ಮೂಲೆಯದು ವಾಲುವುದಿಲ್ಲ. ಎರಡು ಪಕ್ಕಕ್ಕಾದರೂ ಓರೆಮರ ಹಾಕಿ, ತುದಿಗಳಿಗೆ ಒಂದೊಂದು ಬೋಲ್ಟು ಕೊಡಿ. ಹಲಗೆಗಳಿಗೆ ಮೊಳೆ ಸಾಕು, ಅಲ್ಲಿ ಭಾರ ಹಲಗೆಯಿಂದ ಅಡ್ಡಮರಕ್ಕೆ ನೇರ ಇಳಿಯುತ್ತದೆ. ಏಣಿಯ ಮೆಟ್ಟಿಲನ್ನು ಮಾತ್ರ ಮೊಳೆಯೊಂದಕ್ಕೇ ಬಿಡಬೇಡಿ. ನಿದ್ದೆಗಣ್ಣಿನಲ್ಲಿ ಇಳಿಯುವವನ ಪೂರ್ತಿ ಭಾರ ಒಂದೇ ತುದಿಗೆ ಬೀಳುತ್ತದೆ. ಪ್ರತಿ ಮೆಟ್ಟಿಲ ಕೆಳಗೂ ಆಧಾರದ ತುಂಡಿರಲಿ.

ಬೆಳೆಯುತ್ತಿರುವ ಮರದ ಮೇಲೆ ಅಟ್ಟಣೆ ಹಾಕುವವರು ಹತ್ತಾರು ಮೊಳೆ ಬಡಿಯುವುದಕ್ಕಿಂತ ಒಂದೆರಡು ದಪ್ಪ ಬೋಲ್ಟು ಹಾಕುವುದು ಮರಕ್ಕೂ ಕ್ಷೇಮ, ಮನುಷ್ಯನಿಗೂ ಕ್ಷೇಮ. ಮರ ಹೊರಮೈಯಲ್ಲಿ ಬೆಳೆಯುವುದರಿಂದ ಮೊಳೆಯನ್ನು ನುಂಗುತ್ತದೆ, ಒತ್ತಿ ಕಟ್ಟಿದ ಹಲಗೆಯನ್ನು ದಬ್ಬುತ್ತದೆ. ಸುತ್ತ ಬಿಗಿದ ತಂತಿ ಮರದ ಕತ್ತು ಹಿಸುಕುತ್ತದೆ.

ಇಷ್ಟೆಲ್ಲ ಮಾಡಿದರೂ ಆನೆ ಹಣೆಯಿಟ್ಟು ನೂಕಿದರೆ ಯಾವ ಬೋಲ್ಟೂ ತಡೆಯಲಾರದು. ಆನೆದಾರಿಯಲ್ಲಿ ಅಟ್ಟಣೆ ಬೇಡ. ನಾವು ಹೇಳುತ್ತಿರುವುದು ಆನೆ ಬಾರದ ರಾತ್ರಿಯೂ ಬೀಳುವ ಅಟ್ಟಣೆಯ ವಿಷಯ.

ಕೊಟ್ಟಿಗೆಯ ಮಾಡು

ಕೊಟ್ಟಿಗೆಯ ತಗಡಿನ ಮಾಡಿನಲ್ಲಿ ಭಯ ಕೆಳಮುಖದ ಭಾರಕ್ಕಲ್ಲ, ಮೇಲ್ಮುಖದ ಎಳೆತಕ್ಕೆ. ಮುಂಗಾರಿಗೆ ಮೊದಲು ಬಾಳೆ ಮಲಗಿಸುವ ಗಾಳಿ ತಗಡನ್ನು ಮೇಲಕ್ಕೆ ಎತ್ತುತ್ತದೆ. ತಗಡನ್ನು ರೀಪಿಗೆ ಕೊಕ್ಕೆಬೋಲ್ಟಿನಿಂದ ಭದ್ರವಾಗಿ ಹಿಡಿಸಿ, ರೀಪನ್ನು ಮಾತ್ರ ಕೆಳಗಿನ ಮರಕ್ಕೆ ಒಂದೊಂದು ಮೊಳೆಯಿಂದ ಬಡಿದಿರುವುದು ಎಷ್ಟೋ ಕಡೆ ಕಾಣುತ್ತದೆ. ಗಾಳಿ ಬಂದಾಗ ತಗಡು, ರೀಪು ಎರಡೂ ಕೂಡಿಯೇ ಹಾರುತ್ತವೆ.

ಎಳೆತವನ್ನು ಅಡ್ಡಹೊರೆ ಮಾಡುವ ಉಪಾಯ ಇಲ್ಲಿ ಬೇಕು. ಒಂದಂಗುಲ ಅಗಲದ ಕಬ್ಬಿಣದ ಪಟ್ಟಿಯನ್ನು ರೀಪಿನ ಮೇಲೆ ಹಾಯಿಸಿ, ಎರಡು ಪಕ್ಕವೂ ಕೆಳಕ್ಕೆ ಮಡಿಸಿ, ಕೆಳಗಿನ ಮರದ ಪಕ್ಕಗಳಿಗೆ ಎರಡೆರಡು ಮೊಳೆ ಹೊಡೆಯಿರಿ. ಈಗ ಗಾಳಿ ಮೇಲಕ್ಕೆ ಎಳೆದರೆ ಆ ಮೊಳೆಗಳಿಗೆ ಅದು ಅಡ್ಡಹೊರೆ. ಮೊದಲು ಕಿತ್ತುಬರುತ್ತಿದ್ದ ಅದೇ ಮೊಳೆ ಈಗ ಬಾಗದೆ, ಮರ ಹರಿಯದೆ ಬಿಡುವುದಿಲ್ಲ. ಅದೇ ರೀತಿ ಮೇಲಿನ ಮರದಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ಸರಪಣಿಯಂತೆ ಕಟ್ಟುತ್ತಾ ಬರಬೇಕು. ಒಂದು ಕೊಂಡಿ ಬಿಟ್ಟರೂ ಗಾಳಿ ಅಲ್ಲಿಯೇ ಬಿಚ್ಚುತ್ತದೆ. ಇದಕ್ಕೆ ತಗಲುವ ಖರ್ಚು ಒಂದು ತಗಡಿನ ಬೆಲೆಯೂ ಆಗಲಾರದು.

ವರ್ಷಕ್ಕೊಂದು ದಿನ

ಬೋಲ್ಟು ಹಾಕಿದ ಮೇಲೆ ಮರೆತುಬಿಡಬಾರದು. ಮೊದಲ ಬೇಸಿಗೆ ಕಳೆದ ಕೂಡಲೇ ಎಲ್ಲ ನಟ್ಟುಗಳನ್ನೂ ಒಮ್ಮೆ ಬಿಗಿಯತಕ್ಕದ್ದು. ಹಸಿಮರವಾಗಿದ್ದರೆ ಅರ್ಧ ಸುತ್ತು, ಒಂದು ಸುತ್ತು ಹೋಗುವುದನ್ನು ನೀವೇ ನೋಡುವಿರಿ. ಆಮೇಲೆ ವರ್ಷಕ್ಕೊಮ್ಮೆ, ಕಾವಲು ಆರಂಭವಾಗುವುದಕ್ಕೆ ಮೊದಲು, ಹಗಲು ಹೊತ್ತಿನಲ್ಲಿ ಸ್ಪಾನರು ಹಿಡಿದು ಹತ್ತಿ ನೋಡಬೇಕು. ಬಿಲ್ಲೆ ಮರದೊಳಗೆ ಹೂತಿದೆಯೆ? ಬೋಲ್ಟಿನಿಂದ ತುದಿಯ ಕಡೆಗೆ ಸೀಳು ಹೊರಟಿದೆಯೆ? ಮೊಳೆಯ ತಲೆ ಎದ್ದಿದೆಯೆ? ನೆಲಕ್ಕೆ ತಾಗುವಲ್ಲಿ ಕಂಬಕ್ಕೆ ಕತ್ತಿಯ ಮೊನೆ ಇಳಿಯುತ್ತದೆಯೆ? ಎದ್ದ ಮೊಳೆಯನ್ನು ಮತ್ತೆ ಬಡಿದು ಕೂರಿಸುವುದು ವ್ಯರ್ಥ, ಆ ತೂತು ಆಗಲೇ ಸಡಿಲ. ಪಕ್ಕದಲ್ಲಿ ಹೊಸ ತೂತು ಹಾಕಿ ತಿರುಪು ಇಳಿಸಿ.

ಖರ್ಚಿನ ಮಾತನ್ನು ಎತ್ತುವವರಿಗೆ ಒಂದು ಮಾತು. ಒಂದು ಅಟ್ಟಣೆಗೆ ಅಡ್ಡಮರದ ಎಂಟು ಸಂದು, ಓರೆಮರದ ಎಂಟು ತುದಿ, ಅಂದರೆ ಹದಿನಾರು ಬೋಲ್ಟು ಬೇಕಾಗಬಹುದು. ಕಂಬ ಹಳತಾದಾಗ ಬೋಲ್ಟನ್ನು ಬಿಚ್ಚಿ ಹೊಸ ಕಂಬಕ್ಕೆ ಹಾಕಬಹುದು. ಮೊಳೆಯನ್ನು ಹಾಗೆ ಮಾಡುವಂತಿಲ್ಲ. ನಮ್ಮ ಹೊಲದ ಬೋಲ್ಟುಗಳು ಈಗ ಎರಡನೆಯ ಜೊತೆ ಕಂಬಗಳಲ್ಲಿವೆ. ಅವನ್ನು ಬಿಗಿಯುವ ಕೆಲಸವನ್ನು ನಮ್ಮ ಅಣ್ಣನ ಮಗನೇ ವಹಿಸಿಕೊಂಡಿದ್ದಾನೆ. ಮುರಿದ ಕೈ ಕೂಡಿದೆ, ಆದರೆ ಸ್ಪಾನರನ್ನು ಅವನು ಈಗಲೂ ಇನ್ನೊಂದು ಕೈಯಲ್ಲಿಯೇ ಹಿಡಿಯುತ್ತಾನೆ.

ನಮ್ಮ ಸೀಮೆಯ ಆಚಾರಿಗಳೂ ಒಕ್ಕಲುಮಕ್ಕಳೂ ಇದಕ್ಕಿಂತ ಮೇಲಾದ ಉಪಾಯಗಳನ್ನು ಬಲ್ಲವರಿರಬಹುದು. ಅಂಥವರು ಬರೆದು ತಿಳಿಸಿದರೆ ಈ ಪುಟದಲ್ಲಿ ಸಂತೋಷದಿಂದ ಅಚ್ಚುಹಾಕುತ್ತೇವೆ. ಅಷ್ಟರೊಳಗೆ ಈ ವರ್ಷದ ಕಾವಲಿಗೆ ಹತ್ತುವ ಮುನ್ನ ವಾಚಕರು ತಮ್ಮ ಅಟ್ಟಣೆಯ ಕೆಳಗೆ ಹಗಲಿನಲ್ಲಿ ಒಮ್ಮೆ ನಿಂತು, ತಲೆ ಎತ್ತಿ, ಅಡ್ಡಮರ ಯಾವುದರ ಮೇಲೆ ಕುಳಿತಿದೆ ಎಂಬುದನ್ನು ನೋಡಲಿ. ಮರದ ಮೇಲೆ ಕುಳಿತಿದ್ದರೆ ಹತ್ತಬಹುದು. ಬರಿಯ ಮೊಳೆಯ ಮೇಲೆ ನಿಂತಿದ್ದರೆ ಅದನ್ನು ಸರಿಪಡಿಸಿದ ಮೇಲೆಯೇ ಹತ್ತತಕ್ಕದ್ದು.